ಆಪಾ ಬಂದ ಮನೆಗಳು

ಗೋಕಾಕದ ಕೆಲವು ಓಣಿಗಳಲ್ಲಿ ಆಪಾ ಕಾಣಿಸಿಕೊಂಡರೆ ಬಾಗಿಲುಗಳು ಮುಚ್ಚುತ್ತಿದ್ದವು. ದಡಾರನೆ ಅಲ್ಲ, ಮೆಲ್ಲಗೆ. ಒಳಗಿನಿಂದ ಯಾರೋ ಸದ್ದಾಗದಂತೆ ಚಿಲಕ ಸರಿಸುತ್ತಿದ್ದರು. ಒಮ್ಮೆ ಕಟ್ಟೆಯ ಮೇಲೆ ಮೆಂತ್ಯೆಪಲ್ಯ ಸೋಸುತ್ತ ಕುಳಿತಿದ್ದ ತುಂಬುಬಸುರಿಯೊಬ್ಬಳನ್ನು, ನಾವಿಬ್ಬರೂ ಓಣಿಯ ತಿರುವಿನಲ್ಲಿ ಕಾಣಿಸಿದ ಕೂಡಲೇ, ಅವಳ ಅತ್ತೆ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಮೊರ ಅಲ್ಲಿಯೇ ಉಳಿಯಿತು. ನಾನು ಪಕ್ಕದಲ್ಲಿದ್ದವರ ಮುಖ ನೋಡಿದೆ.

"ಬಿಸಲ ಭಾಳ ಐತಿ. ಒಳಗ ಹೋಗಿದ್ದ ಚಲೋ ಆತು," ಎಂದರು ಅವರು. ನಡಿಗೆಯ ವೇಗ ಸ್ವಲ್ಪವೂ ಬದಲಾಗಲಿಲ್ಲ.

ಅವರು ನಮ್ಮ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ನಾನು ಗಣಿತ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ; ನಾನು ಅವರಿಗೆ ತಂಗಿ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡ ಮೇಲೆ ಅವರ ಬಗ್ಗೆ ಎರಡು ಬಗೆಯ ಮಾತು ಕೇಳಿದ್ದೇನೆ. ಕೆಲವರು ಕಣ್ಣೊರೆಸಿಕೊಂಡು ಹೇಳುತ್ತಾರೆ. ಇನ್ನು ಕೆಲವರು ಇನ್ನೂ ದನಿ ತಗ್ಗಿಸಿಯೇ ಹೇಳುತ್ತಾರೆ. ಆ ದನಿ ತಗ್ಗಿಸುವವರ ಸಲುವಾಗಿಯೇ ಇದನ್ನು ಬರೆಯಬೇಕೆನಿಸಿತು.

ಅವರ ಬಲಗೈ ಎಡಗೈಗಿಂತ ಗಿಡ್ಡ. ಮೊಣಕೈ ಅರ್ಧ ಮಡಚಿಕೊಂಡು ಹಾಗೆಯೇ ನಿಂತಿತ್ತು, ಅಂಗೈ ಹಿಂದಕ್ಕೆ ತಿರುಗಿತ್ತು. ಅದನ್ನು ಸೀರೆಯ ಸೆರಗಿನೊಳಗೆ ಇಟ್ಟುಕೊಂಡು ಅವರು ಇಡೀ ದಿನ ಕಳೆಯುತ್ತಿದ್ದರು. ಬೋರ್ಡಿನ ಮೇಲೆ ಎಡಗೈಯಿಂದ ಬರೆಯುವ ಅಕ್ಷರ ಮುತ್ತಿನಂತಿತ್ತು. ಊಟದ ಡಬ್ಬಿಯನ್ನು ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಮುಚ್ಚಳ ತಿರುವುತ್ತಿದ್ದರು. ಸಹಾಯಕ್ಕೆ ಕೈ ಚಾಚಿದರೆ ಹುಬ್ಬಿನಿಂದಲೇ ಬೇಡ ಎನ್ನುತ್ತಿದ್ದರು. ಚಳಿ ಬಿದ್ದರೆ ಆ ಕೈಯ ಹೆಗಲು ನೋಯುತ್ತಿತ್ತು. "ನಾ ಹೇಳಿದ್ದ ಒಂದೂ ಕೇಳೂದಿಲ್ಲ ಇದು. ತಣ್ಣನ ಗಾಳಿ ಬಿಟ್ರ ಮಾತ್ರ ಎಲ್ಲಾರಕ್ಕಿಂತ ಮೊದಲ ಇದಕ್ಕ ಗೊತ್ತಾಗತೈತಿ," ಎಂದು ನಗುತ್ತಿದ್ದರು.

ಪೋಲಿಯೋ ಎಂದೇ ಎಲ್ಲರೂ ತಿಳಿದಿದ್ದರು. ಹಾಗೆ ಕೇಳಿದವರಿಗೆ ಅವರು ಒಂದೇ ಉತ್ತರ ಕೊಡುತ್ತಿದ್ದರು: "ಪೋಲಿಯೋ ಅಲ್ಲರಿ. ಹುಟ್ಟುವಾಗ ಎಳದಾರ."

ಅವರ ತಂದೆ ಬಳೆ ವ್ಯಾಪಾರಿ. ಊರಿನ ಹೆಂಗಸರಿಗೆಲ್ಲ ಬಳೆ ಇಡಿಸುತ್ತಿದ್ದ ಮನುಷ್ಯ, ಈದ್ ಬಂದಾಗ ಮಗಳ ಆ ತಿರುಗಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಳೆ ಒಡೆಯದಂತೆ, ಕೈ ನೋಯದಂತೆ, ಗಳಿಗೆಗಟ್ಟಲೆ ಕುಳಿತು ಇಡಿಸುತ್ತಿದ್ದರಂತೆ. ತಾಯಿ ಮಾತ್ರ ಆ ಹೊತ್ತಿಗೆ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಬಸುರಿದ್ದಾಗ ಗ್ರಹಣದ ಹೊತ್ತಿನಲ್ಲಿ ಕತ್ತರಿ ಹಿಡಿದಿದ್ದಳು, ಅದಕ್ಕೇ ಮಗುವಿನ ಕೈ ಹೀಗಾಯಿತು ಎಂದು ಮನೆಯವರು ಆಕೆಯ ಮೇಲೆ ಹೊರಿಸಿದ್ದರು. ಆಕೆಯೂ ನಂಬಿದ್ದಳು. ಮನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಬಂದರೆ ಆ ತಾಯಿ ಎದ್ದು ಹೋಗುತ್ತಿದ್ದಳಂತೆ, ಸಾಯುವ ತನಕ.

ಆಪಾಗೆ ನಿಜ ಗೊತ್ತಾದದ್ದು ಟೀಚರ್ ಟ್ರೇನಿಂಗ್ ಸೇರುವಾಗ. ಆರೋಗ್ಯ ತಪಾಸಣೆ ಮಾಡಿದ ಡಾಕ್ಟರು ಕೈಯನ್ನು ತಿರುಗಿಸಿ ನೋಡಿ, ಇದು ಹೆರಿಗೆಯಲ್ಲಿ ಆದ ಗಾಯ, ಹೆಗಲು ಸಿಕ್ಕಿಕೊಂಡಾಗ ತಲೆ ಹಿಡಿದು ಎಳೆದರೆ ಕುತ್ತಿಗೆಯ ಪಕ್ಕದ ನರ ಹರಿಯುತ್ತದೆ, ಎಂದು ಬಿಡಿಸಿ ಹೇಳಿದರು. ಆಪಾ ಅದನ್ನು ತಾಯಿಗೆ ಹೇಳಬೇಕೆಂದು ಮನೆಯ ತನಕ ಓಡಿ ಬಂದರಂತೆ. "ಬಾಗಲದಾಗ ಬಂದ ಮ್ಯಾಗ ನೆನಪಾತು, ತಂಗಿ. ಅಮ್ಮಾ ಹೋಗಿ ಆಗಲೇ ವರ್ಷ ದಾಟಿತ್ತು," ಎಂದು ಒಮ್ಮೆ ಹೇಳಿದರು. ಆಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಎಲ್ಲಿಯಾದರೂ ಹುಟ್ಟಿದ ಕೂಸಿನ ಕೈ ಆಡುತ್ತಿಲ್ಲ ಎಂದು ಕಿವಿಗೆ ಬಿದ್ದರೆ ಅವರು ಹೊರಟುಬಿಡುತ್ತಿದ್ದರು. ಗೋಕಾಕ, ಮೂಡಲಗಿ, ಹುಕ್ಕೇರಿ, ಅವುಗಳ ಸುತ್ತಿನ ಹಳ್ಳಿ. ಬಸ್ಸು ಹೋಗುವ ಊರಿಗೆ ಬಸ್ಸಿನಲ್ಲಿ, ಹೋಗದ ಊರಿಗೆ ಟಂಟಂನಲ್ಲಿ. ಹೋದ ಮನೆಯಲ್ಲಿ ಮೊದಲು ಕೂಸನ್ನು ಕೇಳುತ್ತಿರಲಿಲ್ಲ. ಬಾಣಂತಿಯ ಪಕ್ಕ ಕುಳಿತು, "ನೀ ಏನ ಮಾಡಿದ್ದಕ್ಕ ಹಿಂಗ ಆತು ಅಂದಾರ ನಿನಗ?" ಎನ್ನುತ್ತಿದ್ದರು. ಪ್ರತಿ ಮನೆಯಲ್ಲೂ ಒಂದು ಉತ್ತರ ತಯಾರಿರುತ್ತಿತ್ತು. ಗ್ರಹಣ. ಬಾವಿಯಿಂದ ನೀರು ಸೇದಿದ್ದು. ಗಂಡನ ಜೊತೆ ಬೈಕಿನಲ್ಲಿ ಹೋದದ್ದು. ಎಲ್ಲವನ್ನೂ ಕೇಳಿಸಿಕೊಂಡು ಆಪಾ ಸೆರಗು ಸರಿಸುತ್ತಿದ್ದರು. ಜಗತ್ತಿಗೆ ತೋರಿಸದ ಆ ಕೈಯನ್ನು ಬಾಣಂತಿಯ ಮುಂದೆ ಹಾಸಿಗೆಯ ಮೇಲೆ ಇಡುತ್ತಿದ್ದರು. "ನೋಡವಾ. ನರ ಹರದ್ರ ಹಿಂಗ ಆಗತೈತಿ. ನಿಂದ ಏನೂ ತಪ್ಪಿಲ್ಲ."

ಹೆರಿಗೆ ಮಾಡಿಸಿದವರನ್ನು ಬೈಯಲು ಯಾರಾದರೂ ಶುರು ಮಾಡಿದರೆ ತಡೆಯುತ್ತಿದ್ದರು: "ಎಳದವರು ಜೀವಾ ಉಳಸಾಕ ಎಳದಿರತಾರ. ಜಗಳಾ ಆಮ್ಯಾಲ ಮಾಡ್ರಿ. ಮೊದಲ ದೊಡ್ಡ ದವಾಖಾನಿಗೆ ನಡೀರಿ. ಭಾಳ ಕೂಸುಗಳದು ತಾನ ಸರಿ ಹೋಗತೈತಿ. ಆದ್ರ ಮೂರ ತಿಂಗಳಾದ್ರೂ ಮೊಣಕೈ ಮಡಚಲಿಲ್ಲ ಅಂದ್ರ ಕಾಯಬ್ಯಾಡ್ರಿ."

ರವಿವಾರ ಅವರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿರುತ್ತಿತ್ತು. ತಾಯಂದಿರು ಕೂಸುಗಳನ್ನು ಮಲಗಿಸಿಕೊಂಡು ಸಾಲಾಗಿ ಕುಳಿತು, ದವಾಖಾನೆಯಲ್ಲಿ ಕಲಿಸಿದ ಹಾಗೆ, ಸೋತ ಕೈಯನ್ನು ಮೆಲ್ಲಗೆ ಎತ್ತಿ ಇಳಿಸಿ ಮಾಡುತ್ತಿದ್ದರು. ಯಾರಾದರೂ ಅಳಲು ಶುರುಮಾಡಿದರೆ ಆಪಾ ಹಿತ್ತಲು ತೋರಿಸುತ್ತಿದ್ದರು. "ಅಲ್ಲಿ ಹೋಗಿ ಅತ್ತ ಬಾ. ಕೂಸು ನಿನ್ನ ಮಕಾ ನೋಡಿ ಕಲೀತೈತಿ." ಹಾಗೆ ಹೇಳಿ, ಆಕೆ ಬರುವ ತನಕ ಆ ಕೂಸನ್ನು ಎಡತೋಳಿನಲ್ಲಿ ಎತ್ತಿಕೊಂಡು ಓಡಾಡುತ್ತಿದ್ದರು.

ಇದೆಲ್ಲ ನನಗೆ ಹೊರಗಿನ ಸಂಗತಿಯಾಗಿಯೇ ಉಳಿಯುತ್ತಿತ್ತೇನೋ. ಆದರೆ ನನ್ನ ತಂಗಿ ಪದ್ಮಾ ಮೂಡಲಗಿಯಲ್ಲಿ, ನಮ್ಮ ತವರಿನಲ್ಲಿ, ಹಡೆದಳು. ಕೂಸು ದೊಡ್ಡದು, ಹೆಗಲು ಸಿಕ್ಕಿಕೊಂಡಿತ್ತು. ಹೆಣ್ಣುಮಗು. ಹಾಲು ಕುಡಿಯುತ್ತಿತ್ತು, ನಿದ್ದೆ ಮಾಡುತ್ತಿತ್ತು. ಒಂದು ಕೈ ಮಾತ್ರ ಬೇರೆ ಯಾರದೋ ಎಂಬಂತೆ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಆಪಾ ಬಂದು ನೋಡಿ, ಹೇಳಬೇಕಾದದ್ದನ್ನು ಹೇಳಿ ಹೋದರು. ಆದರೆ ಪದ್ಮಾಳ ಅತ್ತೆಗೆ ಸಮಾಧಾನವಾಗಲಿಲ್ಲ. ಬಾಣಂತನ ಮುಗಿಯುವ ಮೊದಲೇ ತುಕ್ಕಾನಟ್ಟಿಗೆ, ತಮ್ಮ ಮನೆಗೆ ಕರೆಸಿಕೊಂಡರು. ಅಲ್ಲಿ ಕೂಸು ಆರಾಮಿದೆ, ಕೈಯೂ ಸುಧಾರಿಸುತ್ತಿದೆ ಎಂದು ಫೋನಿನಲ್ಲಿ ಹೇಳುತ್ತಿದ್ದರು. ಪದ್ಮಾಳ ದನಿ ಮಾತ್ರ ಪ್ರತಿ ಸಲವೂ ಸಣ್ಣದಾಗುತ್ತಿತ್ತು. ಮೂರನೆಯ ತಿಂಗಳು ತುಂಬುವ ಹೊತ್ತಿಗೆ ಆಪಾ ತಾವಾಗಿಯೇ, "ನಡೀ, ನೋಡಿ ಬರೂಣು. ನನಗ್ಯಾಕೋ ಸರಿ ಅನಸವಲ್ದು," ಎಂದರು.

ತುಕ್ಕಾನಟ್ಟಿಯ ಆ ಮನೆ ಕಬ್ಬಿನ ತೋಟದ ದಂಡೆಗಿತ್ತು. ಮಧ್ಯಾಹ್ನ. ಕಬ್ಬು ಆಳೆತ್ತರ ಬೆಳೆದು ಮನೆಯ ಹಿಂಭಾಗಕ್ಕೆ ಗಾಳಿಯೇ ಇರಲಿಲ್ಲ. ಅತ್ತೆ ನಮ್ಮನ್ನು ಪಡಸಾಲೆಯಲ್ಲಿಯೇ ಕೂರಿಸಿದರು.

"ಕೂಸು ಮಲಗೇತ್ರಿ."

"ಮಲಗಲಿರಿ. ಎದ್ದ ಮ್ಯಾಗ ನೋಡತೇವು," ಎಂದು ಆಪಾ ಗೋಡೆಗೆ ಒರಗಿ ಕುಳಿತರು. ಚಹಾ ಬಂತು, ಕುಡಿದರು. ಮಳೆಯ ಮಾತು, ಕಬ್ಬಿನ ಮಾತು ಆಯಿತು. ಏಳುವ ಲಕ್ಷಣವೇ ಅವರಲ್ಲಿರಲಿಲ್ಲ. ಕೊನೆಗೆ ಪದ್ಮಾಳೇ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು.

ಕೂಸಿನ ಬಲಗೈ ಹೆಗಲಿನಿಂದ ಬೆರಳಿನ ತನಕ ಬಟ್ಟೆಯಲ್ಲಿ ಬಿಗಿದಿತ್ತು. ಹಸಿರು ಕಲೆ ಹೊರಗೆ ಒಸರಿತ್ತು.

"ಏನ ಕಟ್ಟೀರಿ ಇದಕ್ಕ?"

"ಎಲುಬು ಕಟ್ಟಾವ ಬಂದಿದ್ದರಿ," ಎಂದರು ಅತ್ತೆ. "ತೊಪ್ಪಲಾ ಅರದ ಹಚ್ಯಾನ. ಮ್ಯಾಲೆ ದಿನಾ ಬಿಸಿ ಉಪ್ಪಿನ ಗಂಟಿನಿಂದ ಶೇಕ ಕೊಡ್ರಿ ಅಂದಾನ. ನಾನ ಕೊಡತೇನಿ."

"ಶೇಕ ಕೊಟ್ಟಾಗ ಕೂಸು ಅಳತೈತೇನ್ರಿ?"

"ಇಲ್ಲರಿ!" ಅತ್ತೆಯ ಮುಖ ಅರಳಿತು. "ಒಂದ ಸಲಾನೂ ಅತ್ತಿಲ್ಲ. ನಕ್ಕೋತ ಇರತೈತಿ. ಹಿತಾ ಅನಸತಿರಬೇಕು."

ಆಪಾ ಎದ್ದು ನಿಂತರು. 

"ಬಿಚ್ರಿ ಅದನ್ನ."

"ಅವಾ ಬರೂತನಕಾ ಬಿಚ್ಚಬ್ಯಾಡ ಅಂದಾನ್ರಿ."

ಆಪಾ ಅತ್ತೆಯ ಜೊತೆ ವಾದ ಮಾಡಲಿಲ್ಲ. ಪದ್ಮಾಳ ಕಡೆ ತಿರುಗಿದರು. "ನೀ ತಾಯಿ ಅದಿ, ಯವ್ವಾ. ನೀ ಬಿಚ್ಚ."

ಪದ್ಮಾ ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕುಳಿತು ಗಂಟಿಗೆ ಕೈ ಹಾಕಿದಳು. ಬಟ್ಟೆಯ ಸುತ್ತು ಒಂದೊಂದಾಗಿ ಬಿಚ್ಚಿದ ಹಾಗೆ ವಾಸನೆ ಬಂತು. ಕೊನೆಯ ಸುತ್ತಿಗೆ ತೊಪ್ಪಲಿನ ಜೊತೆ ಚರ್ಮವೂ ಅಂಟಿಕೊಂಡು ಬಂತು. ಮಣಿಕಟ್ಟಿನಿಂದ ಮೊಣಕೈ ತನಕ ಕೂಸಿನ ಕೈ ಸುಟ್ಟು, ಕೆಂಪಗೆ ಹಸಿಯಾಗಿತ್ತು. ಕೂಸು ತಾಯಿಯ ಕೊರಳಿನ ತಾಳಿಯನ್ನೇ ನೋಡುತ್ತ, ಇನ್ನೊಂದು ಕೈಯಿಂದ ಅದನ್ನು ಹಿಡಿಯಲು ಹೋಗಿ, ನಕ್ಕಿತು.

 ಆಪಾ ಸೆರಗು ಸರಿಸಿ ತಮ್ಮ ಬಲಗೈಯನ್ನು ಅತ್ತೆಯ ಮುಂದೆ ಹಿಡಿದರು. ಮೊಣಕೈ ಕೆಳಗೆ ಅಂಗೈಯಗಲದ ಹಳೆಯ ಸುಟ್ಟ ಕಲೆಯಿತ್ತು, ಮಿರಿಮಿರಿ ಮಿಂಚುವಂಥದು. ಅಷ್ಟು ವರ್ಷ ಜೊತೆಗಿದ್ದೂ ನಾನು ಅದನ್ನು ಕಂಡಿರಲಿಲ್ಲ.

"ನನಗೂ ಹಿಂಗ ಶೇಕ ಕೊಟ್ಟಿದ್ರರಿ. ನಾನೂ ಅತ್ತಿರಲಿಲ್ಲಂತ. ನರ ಹೋದ ಕೈಗೆ ಬೆಂಕಿ ಗೊತ್ತಾಗೂದಿಲ್ಲರಿ."

ಅತ್ತೆ ಕುಸಿದು ಕುಳಿತರು. ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅಳಲಿಲ್ಲಲ್ಲರಿ… ಆರಾಮ ಆಗಾಕತ್ತೇತಿ ಅಂತ ತಿಳಕೊಂಡಿದ್ನಿ… ಅಳಲಿಲ್ಲಲ್ಲರಿ…" ಎಂದು ಅದನ್ನೇ ಹೇಳುತ್ತಿದ್ದರು. ಕೆಟ್ಟ ಹೆಂಗಸಲ್ಲ ಆಕೆ. ಮೊಮ್ಮಗಳಿಗಾಗಿ ದಿನಾ ಒಲೆಯ ಮುಂದೆ ಕುಳಿತು ಉಪ್ಪು ಬಿಸಿ ಮಾಡಿದವರು.

ಅವತ್ತೇ ಬೆಳಗಾವಿಗೆ ಹೋದೆವು. ಸುಟ್ಟ ಗಾಯ ಮಾಯದೆ ಮುಂದಿನ ಮಾತಿಲ್ಲ ಎಂದರು ಡಾಕ್ಟರು. ಅತ್ತ ಗಾಯ ಮಾಯಬೇಕು, ಇತ್ತ ತಿಂಗಳುಗಳು ಸರಿಯುತ್ತಿದ್ದವು. ತಡವಾದಷ್ಟೂ ನರ ಜೋಡಿಸಿ ಉಪಯೋಗ ಕಡಿಮೆ ಎಂದು ಅವರೇ ಹೇಳಿದ್ದರು. ಆ ದಿನಗಳಲ್ಲಿ ಪದ್ಮಾ ಕ್ಯಾಲೆಂಡರ್ ಇದ್ದ ಗೋಡೆಯ ಕಡೆ ನೋಡುವುದನ್ನೇ ಬಿಟ್ಟಳು. ಕೊನೆಗೆ ದೊಡ್ಡ ಊರಿಗೆ ಕಳಿಸಿದರು, ಆಪರೇಷನ್ ಆಯಿತು. ಕೂಸಿನ ಕಾಲಿನ ನರ ತೆಗೆದು ಕುತ್ತಿಗೆಯ ಬಳಿ ಜೋಡಿಸಿದರು. ಆಮೇಲೆ ಕಾಯುವುದೊಂದೇ. ವರ್ಷ ದಾಟಿದ ಮೇಲೆ ಒಂದು ಬೆಳಿಗ್ಗೆ ಆ ಕೈ ನಡುಗುತ್ತ ಮೇಲೆದ್ದು ಬಾಯಿಯ ಹತ್ತಿರ ಬಂತು. ಪದ್ಮಾ ಅದರ ವಿಡಿಯೋ ಕಳಿಸಿದಳು; ಆಪಾ ಸ್ಟಾಫ್ ರೂಮಿನಲ್ಲಿ ಅದನ್ನು ಎಲ್ಲರಿಗೂ ತೋರಿಸುತ್ತ ಕುಳಿತು, ಪಾಠದ ಗಂಟೆ ಹೊಡೆದದ್ದನ್ನೂ ಕೇಳಿಸಿಕೊಳ್ಳಲಿಲ್ಲ. ಈಗ ಆ ಹುಡುಗಿ ಶಾಲೆಗೆ ಹೋಗುತ್ತಾಳೆ. ಬೆರಳು ಪೂರ್ತಿ ಬಂದಿಲ್ಲ, ಕೈ ತಲೆಯ ಮೇಲೆ ಹೋಗುವುದಿಲ್ಲ. ಆದರೆ ಅದು ಅವಳದೇ ಕೈ.

ಊರಿನಲ್ಲಿ ಆ ಕತೆ ಹೀಗೆ ಹೋಗಲಿಲ್ಲ. ತುಕ್ಕಾನಟ್ಟಿಯಲ್ಲಿ ಯಾರೋ, ಆಪಾ ಬಂದು ಹೋದ ದಿನ ಕೂಸಿನ ಕೈ ಸುಟ್ಟಿತ್ತು ಎಂದರು. ಮೂಡಲಗಿಗೆ ಬರುವಷ್ಟರಲ್ಲಿ ಅದು ಆಪಾ ಬಂದು ಹೋದ ಮೇಲೆ ಸುಟ್ಟಿತು ಎಂದಾಯಿತು. ಗೋಕಾಕ ಮುಟ್ಟಿದಾಗ, ಆಕೆ ಮುಟ್ಟಿದ ಕೂಸಿನ ಕೈ ಸುಡುತ್ತದೆ ಎಂದಾಗಿತ್ತು. ಪದ್ಮಾಳ ಅತ್ತೆ ಮನೆಮನೆಗೆ ಹೋಗಿ, ಸುಟ್ಟವಳು ನಾನು, ಆಪಾ ಅಲ್ಲ ಎಂದು ಹೇಳಿ ಬಂದರು. ಅವರ ಮಾತು ಅವರ ಓಣಿಯನ್ನು ದಾಟಲಿಲ್ಲ. ಕೈ ಸೋತ ಕೂಸು ಇದ್ದ ಮನೆಗಳಿಗೆ ಮಾತ್ರ ಆಪಾ ಹೋಗುತ್ತಿದ್ದರಲ್ಲ. ಆಪಾ ಹೋದ ಮನೆಯಲ್ಲಿ ಕೈ ಸೋತ ಕೂಸು ಇರುತ್ತದೆ ಎಂದು ಜನ ಅದನ್ನು ತಿರುವಿ ಹಾಕಿದರು.

ಹುಕ್ಕೇರಿಯ ಒಂದು ಕೂಸಿಗೆ ಆಪರೇಷನ್ ಮಾಡಿಸಿಯೂ ಏನೂ ಪ್ರಯೋಜನವಾಗಲಿಲ್ಲ. ಹಾಗೂ ಆಗುತ್ತದೆ, ಡಾಕ್ಟರು ಮೊದಲೇ ಹೇಳಿದ್ದರು, ಆಪಾನೂ ಹೇಳಿದ್ದರು. ಒಂದು ಸಂತೆಯ ದಿನ ಆ ಕೂಸಿನ ತಂದೆ ಬಸ್ ನಿಲ್ದಾಣದಲ್ಲಿ ಆಪಾನ ಎದುರು ನಿಂತು, ಜನ ಸೇರುವ ಹಾಗೆ ಕೂಗಿದ: "ಆರಾಮ ಮಲಗಿದ್ದ ಕೂಸಿನ ಕುತ್ತಿಗಿ ಕೊಯ್ಸಿದ್ರಿ ನೀವು! ಯಾಕ ಬಂದ್ರಿ ನಮ್ಮ ಮನಿಗೆ?"  ಅವನು ಕೂಗಿ ದಣಿದು ಹೋಗುವ ತನಕ ಆಪಾ ನಿಂತು ಕೇಳಿದರು. ನಮ್ಮ ಬಸ್ಸು ಹೋಗಿಯೇ ಬಿಟ್ಟಿತು.

"ಅವಾ ಅಂದಿದ್ದರಾಗ ಒಂದ ಮಾತ ಖರೆ ಐತಿ," ಎಂದರು ಆಮೇಲೆ. "ನಾ ಹೋಗಿರಲಿಲ್ಲ ಅಂದ್ರ ಅವಾ ಆಸೆ ಇಟ್ಕೋತಿರಲಿಲ್ಲ."

ಆ ಮನೆಯ ಹೆಂಗಸಿಗೆ ಅವರು ಫೋನಿನಲ್ಲಿ ಧ್ವನಿ ಸಂದೇಶ ಕಳಿಸುವುದನ್ನು ಬಿಡಲಿಲ್ಲ. ಒಂದಕ್ಕೂ ಉತ್ತರ ಬರಲಿಲ್ಲ. ಆದರೆ ಕೇಳಿಸಿಕೊಂಡ ಗುರುತು ಮಾತ್ರ ಪ್ರತಿ ಸಲ ಬೀಳುತ್ತಿತ್ತು.

ಅವರ ನೌಕರಿಯ ಕೊನೆಯ ವರ್ಷಗಳಲ್ಲಿ ಸೀಮೆಸುಣ್ಣ ಕೈಯಿಂದ ಬೀಳಲು ಶುರುವಾಯಿತು. "ಈಗಿನ ಸುಣ್ಣಾ ಭಾಳ ನುಣಪ," ಎಂದರು. ಆಮೇಲೆ ಬಸ್ಸಿನ ಕಂಬಿ ಜಾರಿತು. ಚಹಾದ ಕಪ್ಪು ಬಸಿಯ ಮೇಲೆ ಟಕಟಕ ಬಡಿಯಲು ಹತ್ತಿತು. ಅವರು ಬಸಿ ಬೇಡವೆಂದರು. ಜೀವಮಾನವೆಲ್ಲ ಇಡೀ ಮೈಯ ಕೆಲಸ ಒಂದೇ ಕೈ ಹೊತ್ತಿತ್ತು. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆ, ಬೇಗ ಆಪರೇಷನ್ ಮಾಡಿಸಿ ಎಂದರು ಬೆಳಗಾವಿಯ ಡಾಕ್ಟರು. ಆಪಾ ಹೂಂ ಎಂದು ಬಂದರು. ತಿಂಗಳು ಕಳೆಯಿತು. ಮತ್ತೊಂದು ಕಳೆಯಿತು.

"ಆಪಾ, ಊರ ಮಂದಿಗೆಲ್ಲಾ ಕಾಯಬ್ಯಾಡ್ರಿ ಅಂತೀರಿ. ನೀವ ಕಾಯಾಕತ್ತೀರಿ," ಎಂದೆ.

"ಆ ಕೂಸುಗಳಿಗೆ ಇನ್ನೊಂದ ಕೈ ಇರತೈತಿ ತಂಗಿ. ನನಗ ಇದೊಂದ." ಅವರು ಎಡಗೈಯನ್ನು ಮಡಿಲಿನಲ್ಲಿ ಇಟ್ಟುಕೊಂಡು ನೋಡಿದರು. "ಟೇಬಲ್ ಮ್ಯಾಲೆ ಮಲಗಿ ಏಳೂದರಾಗ ಇದೂ ಹೋತಂದ್ರ, ನನ್ನ ಮಕಾ ಯಾರ ತೊಳೀತಾರ?"

ಅಷ್ಟು ಮನೆಗಳಿಗೆ ಧೈರ್ಯ ಹಂಚಿದ ಹೆಂಗಸು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.  ಅವರು ಆಪರೇಷನ್ನಿಗೆ ಒಪ್ಪುವಷ್ಟರಲ್ಲಿ ನಿವೃತ್ತಿಯಾಗಿತ್ತು, ಬೆರಳುಗಳು ಮುಷ್ಟಿ ಕಟ್ಟುವುದನ್ನು ಮರೆತಿದ್ದವು. ನೋವು ಹೋಯಿತು. ಬಲ ಬರಲಿಲ್ಲ.

ಮದುವೆಯಾಗಿರಲಿಲ್ಲ ಅವರು. ಹುಕ್ಕೇರಿಯಲ್ಲಿದ್ದ ಅಣ್ಣನ ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳು. ಅಕ್ಕರೆಯ ಹುಡುಗಿ; ಸೋದರತ್ತೆಯನ್ನು ಫುಫೂ ಎನ್ನುತ್ತಿದ್ದಳು. ತುತ್ತು ಮಾಡಿ ಉಣ್ಣಿಸುತ್ತಿದ್ದಳು, ಜಡೆ ಹಾಕುತ್ತಿದ್ದಳು. ಆಪಾ ಅಲ್ಲಿಂದಲೇ, ಯಾರಾದರೂ ಫೋನು ಬಾಯಿಯ ಹತ್ತಿರ ಹಿಡಿದರೆ, ತಾಯಂದಿರ ಜೊತೆ ಮಾತಾಡುತ್ತಿದ್ದರು. ಆಮೇಲೆ ಆ ಹುಡುಗಿ ಬಸುರಾದಳು. ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು, ಕೂಸು ದೊಡ್ಡದಿದೆ ಎಂದು ಸ್ಕ್ಯಾನಿಂಗ್ ಹೇಳಿತು. ದೊಡ್ಡ ಕೂಸು ಎಂದರೆ ಹೆಗಲು ಸಿಕ್ಕಿಕೊಳ್ಳುವ ಭಯ. ಆಪಾ, ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿಯೇ ಹೆರಿಗೆ ಆಗಲಿ, ಅಲ್ಲಿನ ಡಾಕ್ಟರಿಗೆ ಎಲ್ಲ ಹೇಳಿ ಎಂದು ಒತ್ತಾಯ ಮಾಡಿದರು. ಹುಡುಗಿಯ ಗಂಡ, "ಯಾಕ ಫುಫೂ ಕೆಟ್ಟದ್ದ ನುಡೀತೀರಿ?" ಎಂದನಂತೆ. ನೆರೆಯ ಹೆಂಗಸರು ಬಂದು ಅಡುಗೆಮನೆಯಲ್ಲಿ ಪಿಸುಗುಟ್ಟಿ ಹೋಗುತ್ತಿದ್ದರು. ಆಪಾಗೆ ಕೈ ಹೋಗಿತ್ತು, ಕಿವಿಯಲ್ಲ.

ಒಂದು ಬೆಳಿಗ್ಗೆ ನನಗೆ ಫೋನು ಬಂತು. "ನನ್ನ ಗೋಕಾಕಕ್ಕ ಕರಕೊಂಡ ಹೋಗ ತಂಗಿ. ಇಕಿ ಹಡಿಯೂತನಕಾ ನಾ ಈ ಮನ್ಯಾಗ ಇರೂದಿಲ್ಲ."

"ಆಪಾ, ನೀವೂ ಆ ಮಾತ ನಂಬತೀರೇನ್ರಿ?"

 "ನಾ ನಂಬೂದಿಲ್ಲ. ಆದ್ರ ಏನರೆ ಆತಂದ್ರ ಇಕಿ ನಂಬತಾಳ. ಆವಾಗ ನಾ ಎಲ್ಲಿ ಹೋಗ್ಲಿ?"

ಕರೆತಂದೆ. ನಮ್ಮ ಮನೆಯಲ್ಲಿ ಅವರು ಕಿಟಕಿಯ ಬಳಿಯ ಮಂಚದ ಮೇಲೆ ಕುಳಿತು, ಮುಂದೆ ಇಟ್ಟ ಫೋನನ್ನು ನೋಡುತ್ತಿದ್ದರು. ಅದು ಸದ್ದು ಮಾಡಿದಾಗಲೆಲ್ಲ ಅವರ ಮೈ ಗಟ್ಟಿಯಾಗುತ್ತಿತ್ತು. ಊಟ ಇಳಿಯಲಿಲ್ಲ. ನಾನು ಶಾಲೆಗೆ ಹೋಗುವಾಗ ಹೇಗೆ ಕುಳಿತಿದ್ದರೋ ಬಂದಾಗಲೂ ಹಾಗೆಯೇ ಕುಳಿತಿರುತ್ತಿದ್ದರು. ಒಂದು ಸಂಜೆ ಹುಡುಗಿಯ ಗಂಡನೇ ಫೋನು ಮಾಡಿದ. ಬೆಳಗಾವಿಯಲ್ಲಿ, ಹೊಟ್ಟೆ ಕೊಯ್ದು ತೆಗೆದಿದ್ದರು. ಗಂಡುಕೂಸು. ತಾಯಿ, ಕೂಸು ಇಬ್ಬರೂ ಆರಾಮ.

"ಕೈ?" ಎಂದರು ಆಪಾ.

"ಚಲೋ ಅದಾವರಿ ಫುಫೂ."

"ಯಾರ ನೋಡ್ಯಾರ?"

ಡಾಕ್ಟರೇ ನೋಡಿದ್ದಾರೆ ಎಂದರೂ ಅವರಿಗೆ ನೆಮ್ಮದಿಯಾಗಲಿಲ್ಲ. ಹುಡುಗಿ ಮನೆಗೆ ಬಂದಳೆಂದು ತಿಳಿದ ಕೂಡಲೇ ಹುಕ್ಕೇರಿಗೆ ಹೊರಟೆವು.  ಮನೆಯ ಮುಂದೆ ಇಳಿದಾಗ ಎದುರುಮನೆಯ ಕಿಟಕಿಯಲ್ಲಿ ಪರದೆ ಸರಿಯಿತು. ಆಪಾ ಹೊಸ್ತಿಲಿನ ಹೊರಗೇ ನಿಂತರು. ನಾನು ಬೆನ್ನಿಗೆ ಕೈ ಇಟ್ಟರೂ ಅಲ್ಲಾಡಲಿಲ್ಲ. ಒಳಗಿನಿಂದ ಹುಡುಗಿ, "ಯಾಕ ಅಲ್ಲೇ ನಿಂತಿ ಫುಫೂ? ಒಳಗ ಬಾ," ಎಂದು ಕರೆದಳು. ಎರಡನೆಯ ಸಲ ಕರೆದ ಮೇಲೆ ಒಳಗೆ ಹೋದರು.

ಹುಡುಗಿ ಕೂಸನ್ನು ಅವರ ಮುಂದೆ ಕೌದಿಯ ಮೇಲೆ ಮಲಗಿಸಿ, ಮೈಗೆ ಸುತ್ತಿದ್ದ ಬಟ್ಟೆ ತಾನಾಗಿಯೇ ಬಿಚ್ಚಿದಳು. ಅಡುಗೆಮನೆಯ ಬಾಗಿಲಲ್ಲಿ ನೆರೆಯ ಹೆಂಗಸರಿಬ್ಬರು ಬಂದು ನಿಂತಿದ್ದರು. ಆಪಾ ಬಾಗಿ ನೋಡಿದರು. ಮುಟ್ಟಬೇಕೆಂದರೆ ಕೈಯಿಲ್ಲ. ಕೂಸು ಎರಡೂ ಮುಷ್ಟಿಗಳನ್ನು ಎದೆಗೆ ಹಚ್ಚಿಕೊಂಡು ನಿದ್ದೆಯಲ್ಲಿತ್ತು.

"ತಂಗಿ, ಇದರ ಬಾಜೂಕ ಚಪ್ಪಾಳಿ ತಟ್ಟ," ಎಂದರು ನನಗೆ. "ಬೆಚ್ಚಿ ಬಿದ್ದಾಗ ಎರಡೂ ಕೈ ಒಮ್ಮಿಗೇ ಮ್ಯಾಲ ಏಳಬೇಕು. ಒಂದ ಹಿಂದ ಉಳದ್ರ…"

  ಹುಡುಗಿ ನನ್ನ ಕೈಗಳನ್ನೇ ನೋಡುತ್ತಿದ್ದಳು. ನಾನು ತಟ್ಟಿದೆ.

ಕೂಸು ಬೆಚ್ಚಿತು. ಎರಡೂ ತೋಳು ಒಟ್ಟಿಗೇ ಗಾಳಿಯಲ್ಲಿ ಹಾರಿದವು, ಹತ್ತೂ ಬೆರಳು ಬಿಚ್ಚಿಕೊಂಡವು.

ಆಪಾ ಕಣ್ಣು ಕೀಳಲಿಲ್ಲ. "ಇನ್ನೊಮ್ಮಿ," ಎಂದರು.

"ಸಾಕ ಫುಫೂ, ಅಂಜತೈತಿ," ಎಂದಳು ಹುಡುಗಿ, ಅಳುತ್ತಲೋ ನಗುತ್ತಲೋ.

"ಇನ್ನ ಒಂದ ಸಲಾ, ತಂಗಿ. ನೋಡತೇನಿ ನಾ."

ನಾನು ಮತ್ತೆ ತಟ್ಟಿದೆ.